ಬಂಡೆಯ ಮುಂದೆ ನಿಂತ ತರಗತಿ

ಟೊರಾಂಟೊ ಮಹಾನಗರದ ಪಶ್ಚಿಮಕ್ಕೆ, ಕ್ರೆಡಿಟ್ ನದಿಯ ಕಣಿವೆಯ ಮಗ್ಗುಲಲ್ಲಿ ನೆಲಸಿರುವ ಜಾರ್ಜ್‌ಟೌನ್, ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದದ ಗಿರಣಿಗಳಿಂದ ಹೆಸರು ಪಡೆದು, ಈಗ ಮಹಾನಗರಕ್ಕೆ ದುಡಿಯಲು ಹೋಗಿ ಬರುವವರ ವಸತಿಯಾಗಿ ಬೆಳೆಯುತ್ತಿರುವ ಒಂದು ಸಾಧಾರಣ ಪಟ್ಟಣ. ಇಲ್ಲಿ ವಿಶ್ವವಿದ್ಯಾನಿಲಯವಿಲ್ಲ. ಆದರೂ ಭೂವಿಜ್ಞಾನವನ್ನು ಕಾಲೇಜಿನಲ್ಲಿ ಹೇಗೆ ಬೋಧಿಸಬೇಕೆಂಬ ಪ್ರಶ್ನೆಯನ್ನು ಕುರಿತು ಆಲೋಚಿಸುವವನಿಗೆ ಈ ಊರಿನ ಸುತ್ತಣ ಅರ್ಧ ತಾಸಿನ ಪ್ರಯಾಣದ ಸೀಮೆ ಒದಗಿಸುವಷ್ಟು ಸಾಮಗ್ರಿ ಎಲ್ಲೆಡೆಯೂ ದೊರೆಯತಕ್ಕದ್ದಲ್ಲ. ಟೊರಾಂಟೊ, ಮ್ಯಾಕ್‌ಮಾಸ್ಟರ್, ಗ್ವೆಲ್ಫ್, ಬ್ರಾಕ್ ಮೊದಲಾದ ವಿಶ್ವವಿದ್ಯಾನಿಲಯಗಳು ಈ ಸೀಮೆಯ ಸುತ್ತಲೂ ಇದ್ದು, ಅವುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಲೆಮಾರುಗಳಿಂದ ಇಲ್ಲಿನ ಬಂಡೆ, ಕೊಳ, ಕಲ್ಲುಗಣಿಗಳನ್ನೇ ಪಾಠಶಾಲೆಯಾಗಿ ಮಾಡಿಕೊಂಡು ಬಂದಿದ್ದಾರೆ. ಅವರು ಕಂಡುಕೊಂಡ ಕೆಲವು ಸಂಗತಿಗಳು ಕನ್ನಡ ನಾಡಿನ ಕಾಲೇಜುಗಳಿಗೂ ನೇರವಾಗಿ ಸಲ್ಲತಕ್ಕವು ಎಂಬ ದೃಢವಾದ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಭೂವಿಜ್ಞಾನವನ್ನು ಕಲಿತವರಿಗೆಲ್ಲ ಗಾಜಿನ ಬೀರುವಿನಲ್ಲಿ ಸಾಲಾಗಿ ಇರಿಸಿದ, ಸಂಖ್ಯೆ ಬರೆದ ಚೀಟಿ ಅಂಟಿಸಿದ ಶಿಲಾಖಂಡಗಳ ನೆನಪಿರುತ್ತದೆ. ಅವು ಬೇಡವೆಂದು ಯಾರೂ ಹೇಳಲಾರರು. ಕಣ್ಣು ಪಳಗುವುದಕ್ಕೆ, ಖನಿಜಗಳ ಬಣ್ಣ, ಹೊಳಪು, ಗಡಸುತನಗಳನ್ನು ಗುರುತಿಸುವುದಕ್ಕೆ ಅವು ಅವಶ್ಯಕ. ಆದರೆ ಅಂಗೈಯಗಲದ ಒಂದು ತುಂಡು ತಾನು ಯಾವ ಪದರದ ಮೇಲಿತ್ತು, ಯಾವ ಪದರದ ಕೆಳಗಿತ್ತು, ಅದರ ಮೇಲೆ ಯಾವ ಮಣ್ಣು ಹುಟ್ಟಿತು, ಆ ಮಣ್ಣಿನಲ್ಲಿ ಯಾವ ಗಿಡ ಬೇರೂರಿತು, ಆ ಗಿಡವನ್ನು ಕಡಿದು ಯಾರು ಹೊಲ ಮಾಡಿದರು ಎಂಬುದನ್ನು ಹೇಳಲಾರದು. ಭೂವಿಜ್ಞಾನವು ಮೂಲತಃ ಸಂಬಂಧಗಳ ಶಾಸ್ತ್ರವಾದುದರಿಂದ, ಸಂಬಂಧಗಳಿಂದ ಕಿತ್ತು ತಂದ ವಸ್ತುವಿನ ಮೂಲಕ ಅದನ್ನು ಪೂರ್ಣವಾಗಿ ಬೋಧಿಸಲು ಸಾಧ್ಯವಿಲ್ಲವೆಂಬುದು ವಿಚಾರವಂತರಿಗೆ ಹೊಸ ಮಾತೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ನಥಾನಿಯಲ್ ಶೇಲರ್ 1875ರಷ್ಟು ಹಿಂದೆಯೇ ತಮ್ಮ ವಿದ್ಯಾರ್ಥಿಗಳನ್ನು ಕಂಬರ್ಲೆಂಡ್ ಗ್ಯಾಪ್ ಎಂಬ ಬೆಟ್ಟದ ಕಣಿವೆಗೆ ಕರೆದೊಯ್ದು ಬೇಸಗೆಯ ಶಿಬಿರ ಹೂಡಿದರು. ಇಂದು ಕೆನಡಾದಲ್ಲಿ ಭೂವಿಜ್ಞಾನವನ್ನು ವೃತ್ತಿಯಾಗಿ ಕೈಕೊಳ್ಳಬಯಸುವವರು ನೋಂದಾವಣೆಗಾಗಿ ತೋರಿಸಬೇಕಾದ ಮೂಲಶಿಕ್ಷಣದಲ್ಲಿ ಕ್ಷೇತ್ರಕಾರ್ಯದ ವಿಧಾನಗಳಿಗೂ ಸ್ಥಾನವಿದೆ.

ಜಾರ್ಜ್‌ಟೌನಿನ ಪಕ್ಕದಲ್ಲೇ ಹಾದುಹೋಗುವ ನಯಾಗರ ಎಸ್ಕಾರ್ಪ್‌ಮೆಂಟ್ ಎಂಬ ಶಿಲಾಪ್ರಪಾತದಿಂದಲೇ ಆರಂಭಿಸೋಣ. ಜಗತ್ಪ್ರಸಿದ್ಧವಾದ ಜಲಪಾತ ಧುಮ್ಮಿಕ್ಕುವುದೂ ಇದೇ ಪ್ರಪಾತದ ಅಂಚಿನಿಂದ. ಕ್ವೀನ್ಸ್‌ಟನ್ನಿನಿಂದ ಟೋಬರ್ಮೊರಿಯವರೆಗೆ ಒಂಟಾರಿಯೊ ಪ್ರಾಂತದಲ್ಲಿಯೇ ಸುಮಾರು 725 ಕಿಲೋಮೀಟರು ಹಬ್ಬಿರುವ ಇದನ್ನು ಯುನೆಸ್ಕೊ ಸಂಸ್ಥೆ 1990ರಲ್ಲಿ ಜೀವಗೋಲ ಮೀಸಲು ಪ್ರದೇಶವೆಂದು ಘೋಷಿಸಿತು. 1967ರಲ್ಲಿ ತೆರೆಯಲ್ಪಟ್ಟ ಬ್ರೂಸ್ ಟ್ರೇಲ್ ಎಂಬ ಕಾಲುದಾರಿ ಇದರ ನೆತ್ತಿಯ ಮೇಲೆಯೇ ಸಾಗುತ್ತದೆ. ಮೊದಲ ಬಾರಿಗೆ ಇದರ ಬುಡದಲ್ಲಿ ನಿಂತ ವಿದ್ಯಾರ್ಥಿಗೆ, ನೆಲ ಬಿರಿದು ಒಂದು ಪಕ್ಕ ಮೇಲೆದ್ದಿತೆಂದೋ ಇನ್ನೊಂದು ಪಕ್ಕ ಕುಸಿಯಿತೆಂದೋ ತೋರುವುದು ಸಹಜ. ಒಳ್ಳೆಯ ಅಧ್ಯಾಪಕನು ಆ ಊಹೆಯನ್ನು ಕೂಡಲೇ ತಿದ್ದುವುದಿಲ್ಲ. ಬಿರುಕು ಎಲ್ಲಿದೆ, ತೋರಿಸು, ಎನ್ನುತ್ತಾನೆ. ವಿದ್ಯಾರ್ಥಿಯು ಬುಡದ ಕೆಂಪು ಜೇಡಿಶಿಲೆಯಿಂದ ಹಿಡಿದು ಮೇಲಿನ ಮರಳುಕಲ್ಲು, ಮತ್ತೆ ಮೇಲಿನ ಮೆತುಜೇಡಿ, ಎಲ್ಲಕ್ಕೂ ಮೇಲೆ ಮನೆಯ ಮಾಡಿನಂತೆ ಹೊರಚಾಚಿದ ಗಟ್ಟಿಯಾದ ಡಾಲೊಮೈಟ್ ಹಾಸು, ಇವುಗಳನ್ನು ತನ್ನ ಪುಸ್ತಕದಲ್ಲಿ ಚಿತ್ರಿಸುತ್ತಾ ಹೋದಂತೆ, ಪದರಗಳು ಎಲ್ಲಿಯೂ ತುಂಡಾಗದೆ ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ನೈಋತ್ಯಕ್ಕೆ ಓಲಿಕೊಂಡು ಸಾಗಿರುವುದನ್ನು ತಾನೇ ಕಾಣುತ್ತಾನೆ. ಕೆಳಗಿನ ಮೃದುಶಿಲೆ ಸವೆದು ಸವೆದು ಆಧಾರ ತಪ್ಪಿದಾಗ ಮೇಲಿನ ಗಟ್ಟಿಶಿಲೆ ಹೋಳುಹೋಳಾಗಿ ಉರುಳುವುದು; ಹೀಗೆ ಪ್ರಪಾತವು ಯುಗಯುಗಗಳಿಂದ ಹಿಂದೆ ಹಿಂದೆ ಸರಿಯುತ್ತಾ ಬಂದಿದೆ. ನಯಾಗರ ಜಲಪಾತವು ಸುಮಾರು 12,000 ವರ್ಷಗಳಲ್ಲಿ ಕ್ವೀನ್ಸ್‌ಟನ್ನಿನಿಂದ 11 ಕಿಲೋಮೀಟರು ಹಿಂದೆ ಸರಿದಿರುವುದೂ ಇದೇ ಕ್ರಮದಿಂದ.

ಈ ಸ್ಥಳದಲ್ಲಿ ಕನ್ನಡಿಗನಿಗೆ ಆಗುಂಬೆಯ ಸೂರ್ಯಾಸ್ತದ ತಾಣವೋ ಜೋಗದ ಕಣಿವೆಯೋ ನೆನಪಾಗದೆ ಇರದು. ಪಶ್ಚಿಮ ಘಟ್ಟದ ಕಡಿದಾದ ಮುಖವೂ ಇದೇ ಬಗೆಯದೆಂದು ಹೊರನೋಟಕ್ಕೆ ತೋರಬಹುದು. ಆದರೆ ಅದರ ಮೂಲಕಥೆ ಬೇರೆ. ಭಾರತದ ಭೂಖಂಡವು ಮಡಗಾಸ್ಕರದಿಂದ ಬೇರ್ಪಟ್ಟ ಕಾಲದ ಬಿರಿತಕ್ಕೂ ಅದಕ್ಕೂ ನಂಟಿದೆ, ಮತ್ತು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ನಿಂತ ಅಗ್ನಿಶಿಲೆ ಸುಮಾರು 9 ಕೋಟಿ ವರ್ಷಗಳ ಹಿಂದಿನ ಆ ಅಗಲಿಕೆಗೆ ಸಾಕ್ಷಿಯಾಗಿದೆ. ಒಂದೇ ಬಗೆಯಾಗಿ ಕಾಣುವ ಎರಡು ಪ್ರಪಾತಗಳು ಎರಡು ಬೇರೆ ಕಾರಣಗಳಿಂದ ಹುಟ್ಟಬಹುದೆಂಬ ಅರಿವು ಎರಡರ ಮುಂದೆಯೂ ನಿಂತವನಲ್ಲಿ ಬೇರೂರುವಷ್ಟು ಆಳವಾಗಿ ಪಠ್ಯಪುಸ್ತಕದ ಅಡ್ಡಕೊಯ್ತದ ಚಿತ್ರವನ್ನು ನಕಲು ಮಾಡಿದವನಲ್ಲಿ ಬೇರೂರುವುದಿಲ್ಲ.

ಜಾರ್ಜ್‌ಟೌನಿನಿಂದ ಕೆಲವೇ ಕಿಲೋಮೀಟರು ಪಶ್ಚಿಮಕ್ಕೆ ಲೈಮ್‌ಹೌಸ್ ಎಂಬ ಹಳ್ಳಿಯಿದೆ. ಇಲ್ಲಿನ ಕಾಡಿನ ನಡುವೆ ಹತ್ತೊಂಬತ್ತನೆಯ ಶತಮಾನದ ಸುಣ್ಣದ ಗೂಡುಗಳು ಇನ್ನೂ ನಿಂತಿವೆ. ನನ್ನ ಮಟ್ಟಿಗೆ, ಅಂತರಶಾಸ್ತ್ರೀಯ ಬೋಧನೆಗೆ ಇದಕ್ಕಿಂತ ಸ್ವಾಭಾವಿಕವಾದ ಸ್ಥಳ ಸಿಕ್ಕುವುದು ಕಷ್ಟ. ವಿದ್ಯಾರ್ಥಿಯು ಮೊದಲು ಬಂಡೆಯ ಮೇಲೆ ನೀರು ಬೆರೆಸಿದ ಆಮ್ಲದ ಒಂದು ಹನಿಯನ್ನು ಬಿಡುತ್ತಾನೆ. ಸುಣ್ಣಕಲ್ಲಾದರೆ ನೊರೆಯುಕ್ಕಬೇಕು, ಇಲ್ಲಿ ಹೆಚ್ಚೇನೂ ಆಗುವುದಿಲ್ಲ. ಚಾಕುವಿನ ಮೊನೆಯಿಂದ ಕೆರೆದು ಪುಡಿ ಮಾಡಿ ಮತ್ತೊಂದು ಹನಿ ಬಿಟ್ಟಾಗ ಮೆಲ್ಲಗೆ ಗುಳ್ಳೆಗಳೇಳುತ್ತವೆ. ಇದು ಮೆಗ್ನೀಸಿಯಂ ಬೆರೆತ ಡಾಲೊಮೈಟ್. ಭೂತಗನ್ನಡಿ ಹಿಡಿದು ನೋಡಿದರೆ ಹವಳಗಳ ಹಾಗೂ ಕಡಲಲಿಲಿಗಳ ಪಳೆಯುಳಿಕೆಯ ಚೂರುಗಳು ಕಾಣಸಿಗುತ್ತವೆ. ಹಿಮ ಸುರಿಯುವ ಈ ನೆಲವು ಸುಮಾರು 43 ಕೋಟಿ ವರ್ಷಗಳ ಹಿಂದೆ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದ ಒಂದು ಬೆಚ್ಚನೆಯ, ಆಳವಿಲ್ಲದ ಕಡಲಿನ ತಳವಾಗಿತ್ತೆಂಬುದನ್ನು ಆ ಚೂರುಗಳೇ ಹೇಳುತ್ತವೆ.

ಅದೇ ಬಂಡೆಯನ್ನು ಒಡೆದು ಗೂಡಿಗೆ ತುಂಬಿ ಸೌದೆಯುರಿಯಲ್ಲಿ ಬೇಯಿಸಿದಾಗ ಅಂಗಾರಾಮ್ಲವಾಯು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುವುದು, ನೀರು ಹೊಯ್ದಾಗ ಅದು ಕುದಿದು ಅರಳುವುದು, ಮರಳಿನೊಡನೆ ಕಲಸಿ ಗಾರೆಯಾಗಿ ಗೋಡೆಯ ಸಂದಿಗೆ ಸೇರಿದ ಮೇಲೆ ಗಾಳಿಯಿಂದ ಆ ವಾಯುವನ್ನೇ ಮರಳಿ ಹೀರಿಕೊಂಡು ಮತ್ತೆ ಕಲ್ಲಾಗುವುದು: ಇಷ್ಟೂ ರಸಾಯನಶಾಸ್ತ್ರ. ಇಂಗಾಲದ ಚಕ್ರವನ್ನು ಬೋಧಿಸಲು ಇದಕ್ಕಿಂತ ಮೂರ್ತವಾದ ಉದಾಹರಣೆ ಬೇಕೆ? ಸೌದೆಗಾಗಿ ಎಷ್ಟು ಕಾಡು ಉರಿಯಿತೆಂಬುದು ಪರಿಸರದ ಇತಿಹಾಸ. 1856ರಲ್ಲಿ ಟೊರಾಂಟೊ ಮತ್ತು ಗ್ವೆಲ್ಫ್ ನಡುವೆ ಈ ದಾರಿಯಾಗಿ ರೈಲು ಬಂದ ಮೇಲೆ ಸುಣ್ಣಕ್ಕೆ ದೂರದ ಪೇಟೆ ದೊರೆತು ಹಳ್ಳಿ ಬೆಳೆದದ್ದು, ಕಾಲಾನಂತರ ಸಿಮೆಂಟಿನ ಬಳಕೆ ಹೆಚ್ಚಿ ಗೂಡುಗಳು ಆರಿದ್ದು ಅರ್ಥಶಾಸ್ತ್ರ. ಹೀಗೆ ಒಂದೇ ಬಂಡೆಯನ್ನು ಬಿಟ್ಟು ಕದಲದೆ ಮೂರು ನಾಲ್ಕು ಶಾಸ್ತ್ರಗಳು ತಾವಾಗಿಯೇ ಬಂದು ಕೂಡುವುವು. ಅಧ್ಯಾಪಕನು ಅವನ್ನು ಬಲವಂತದಿಂದ ಜೋಡಿಸಬೇಕಾದ ಪ್ರಮೇಯವೇ ಬಾರದು.

ಕ್ರೆಡಿಟ್ ನದಿಯ ಮೇಲ್ಭಾಗದ ಕಲ್ಲುಗಣಿಗಳಿಂದ ತೆಗೆದ ನಸುಗೆಂಪು ಮರಳುಕಲ್ಲು ಟೊರಾಂಟೊವಿನ ಕ್ವೀನ್ಸ್ ಪಾರ್ಕಿನಲ್ಲಿರುವ, 1893ರಲ್ಲಿ ತೆರೆಯಲ್ಪಟ್ಟ ಪ್ರಾಂತೀಯ ಶಾಸನಸಭೆಯ ಭವನವಾಗಿ ನಿಂತಿದೆ. ಬೆಳಿಗ್ಗೆ ಗಣಿಯಲ್ಲಿ ಕಂಡ ಪದರವನ್ನು ಮಧ್ಯಾಹ್ನ ಭವನದ ಗೋಡೆಯಲ್ಲಿ ಗುರುತಿಸುವ ವಿದ್ಯಾರ್ಥಿಗೆ ನಗರವೆಂಬುದು ಭೂಮಿಯಿಂದ ಬೇರೆಯಾದ ವಸ್ತುವಲ್ಲವೆಂಬ ತಿಳಿವು ಉಂಟಾಗುವುದು. ಹಾಗೆಯೇ ಜಾರ್ಜ್‌ಟೌನಿನ ಉತ್ತರಕ್ಕೆ ಕ್ಯಾಲೆಡನ್ ಸೀಮೆಯಲ್ಲಿರುವ ಚೆಲ್ಟನ್‌ಹ್ಯಾಮ್ ಬ್ಯಾಡ್‌ಲ್ಯಾಂಡ್ಸ್. ಸುಮಾರು 45 ಕೋಟಿ ವರ್ಷಗಳ ಹಿಂದೆ ಪೂರ್ವದ ಪರ್ವತಗಳಿಂದ ಇಳಿದ ಕೆಸರು ಗಟ್ಟಿಯಾಗಿ ಉಂಟಾದ ಕೆಂಪು ಜೇಡಿಶಿಲೆ ಅಲ್ಲಿ ಬೆತ್ತಲೆಯಾಗಿ ದಿಣ್ಣೆದಿಣ್ಣೆಯಾಗಿ ಬಿದ್ದಿದೆ. ಅದನ್ನು ಬೆತ್ತಲೆ ಮಾಡಿದ್ದು ಪ್ರಾಚೀನ ಪ್ರಕೃತಿಯಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮರ ಕಡಿದು, ಮಿತಿಮೀರಿ ದನಕುರಿಗಳನ್ನು ಮೇಯಿಸಿದ ಬೇಸಾಯ. ಶಿಲೆಯ ವಯಸ್ಸು ಕೋಟಿಗಳಲ್ಲಿ, ಭೂರೂಪದ ವಯಸ್ಸು ಒಂದು ಶತಮಾನದಲ್ಲಿ! ಜನರ ತುಳಿತದಿಂದ ಸವೆಯತೊಡಗಿದ್ದರಿಂದ 2015ರಲ್ಲಿ ಅದನ್ನು ಮುಚ್ಚಿ, 2018ರಲ್ಲಿ ಮರದ ಹಾದಿ ಕಟ್ಟಿ ಮರಳಿ ತೆರೆಯಲಾಯಿತು. ಸುತ್ತಿಗೆಯನ್ನು ಬಸ್ಸಿನಲ್ಲೇ ಬಿಟ್ಟು, ಬಂಡೆಯನ್ನು ಮುಟ್ಟದೆ ಓದುವ ಶಿಸ್ತನ್ನೂ ಅಲ್ಲಿ ಕಲಿಯಬೇಕಾಗುತ್ತದೆ. ಅದು ಒಳ್ಳೆಯದೇ.

ಆದರೆ ಈ ಸೀಮೆಯ ಕಿರೀಟಪ್ರಾಯವಾದ ಪಾಠವಿರುವುದು ಮಿಲ್ಟನ್ ಪಟ್ಟಣದ ಬಳಿಯ ಕ್ರಾಫರ್ಡ್ ಸರೋವರದಲ್ಲಿ. ವಿಸ್ತಾರದಲ್ಲಿ ನಮ್ಮ ಹಳ್ಳಿಯ ಒಂದು ಸಣ್ಣ ಕೆರೆಯಷ್ಟೇ, ಸುಮಾರು 2.4 ಹೆಕ್ಟೇರು, ಆಳವಾದರೋ 20 ಮೀಟರಿಗೂ ಮಿಗಿಲು. ಹೀಗೆ ಕಿರಿದಾಗಿ ಆಳವಾಗಿರುವುದರಿಂದ ಮೇಲಿನ ನೀರೂ ತಳದ ನೀರೂ ಬೆರೆಯುವುದಿಲ್ಲ, ತಳದ ಹೂಳು ಕದಡುವುದಿಲ್ಲ. ಬೇಸಗೆಯಲ್ಲಿ ನೀರಿನಿಂದ ಬೇರ್ಪಟ್ಟ ಬಿಳಿಯ ಸುಣ್ಣದ ಕಣಗಳು ಒಂದು ತೆಳುಪದರವಾಗಿಯೂ, ಅನಂತರ ಕೊಳೆತ ಸಸ್ಯಾಂಶವು ಕಪ್ಪು ಪದರವಾಗಿಯೂ ಇಳಿಯುವುದರಿಂದ, ಒಂದು ಬಿಳುಪು ಒಂದು ಕಪ್ಪು ಸೇರಿ ಒಂದು ವರ್ಷವಾಗುತ್ತದೆ. ಒಣಮಂಜು ತುಂಬಿದ ಲೋಹದ ಕೊಳವೆಯನ್ನು ತಳಕ್ಕೆ ಇಳಿಸಿದರೆ ಹೂಳು ಅದರ ಮೈಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವುದು; ಮೇಲೆತ್ತಿ ಪದರಗಳನ್ನು ಎಣಿಸುತ್ತಾ ಹೋದರೆ ಶತಮಾನಗಳ ದಿನಚರಿ ಕೈಗೆ ಬರುವುದು.

1970ರ ದಶಕದ ಆರಂಭದಲ್ಲಿ ರೋಜರ್ ಬರ್ನ್ ಮತ್ತು ಜಾಕ್ ಮೆಕ್‌ಆಂಡ್ರೂಸ್ ಎಂಬ ಪರಾಗತಜ್ಞರು ಈ ಹೂಳಿನಲ್ಲಿ ಪ್ರಾಚೀನ ಸಸ್ಯಗಳ ಪರಾಗವನ್ನು ಹುಡುಕುತ್ತಿದ್ದಾಗ, ಯುರೋಪಿನ ವಲಸಿಗರು ಬರುವುದಕ್ಕಿಂತ ಬಹು ಹಿಂದಿನ ಪದರಗಳಲ್ಲಿ ಮೆಕ್ಕೆಜೋಳದ ಪರಾಗ ದೊರೆಯಿತು. ಮೆಕ್ಕೆಜೋಳದ ಪರಾಗ ಭಾರವಾದದ್ದು, ಗಾಳಿಯಲ್ಲಿ ದೂರ ಹೋಗಲಾರದು. ಆದುದರಿಂದ ಹೊಲ ಹತ್ತಿರದಲ್ಲೇ ಇದ್ದಿರಬೇಕು, ಹೊಲವಿದ್ದರೆ ಊರಿರಬೇಕು. ಪುರಾತತ್ತ್ವಜ್ಞರು ಹುಡುಕಿದರು, ಇರೊಕ್ವಾಯನ್ ಭಾಷಾವರ್ಗಕ್ಕೆ ಸೇರಿದ ಮೂಲನಿವಾಸಿಗಳು ಶತಮಾನಗಳ ಹಿಂದೆ ಬಾಳಿದ್ದ ಹಳ್ಳಿಯೊಂದರ ನೀಳ್ಮನೆಗಳ ಅವಶೇಷಗಳು ಸರೋವರದ ಪಕ್ಕದಲ್ಲೇ ದೊರೆತವು. ಅವೇ ಪದರಗಳಲ್ಲಿ ಗೋಣಿಸೊಪ್ಪಿನ ಕುರುಹೂ ಸಿಕ್ಕಿ, ಕೊಲಂಬಸನಿಗಿಂತ ಮೊದಲೇ ಆ ಸೊಪ್ಪು ಈ ಖಂಡದಲ್ಲಿತ್ತೆಂದು ಇಬ್ಬರೂ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಹಿತ್ತಿಲುಗಳಲ್ಲಿ ತಾನಾಗಿ ಬೆಳೆದು ಸಾರಿನ ಪಾತ್ರೆ ಸೇರುವ ಒಂದು ಸೊಪ್ಪು ಎರಡು ಖಂಡಗಳ ಇತಿಹಾಸದ ಚರ್ಚೆಯಲ್ಲಿ ಸಾಕ್ಷಿ ನುಡಿದುದನ್ನು ಯೋಚಿಸಿದರೆ ಸೋಜಿಗವಾಗುತ್ತದೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಪದರಗಳಲ್ಲಿ ಅಣುಬಾಂಬಿನ ಪರೀಕ್ಷೆಗಳಿಂದ ಬಿದ್ದ ಪ್ಲುಟೋನಿಯಂ ಮತ್ತು ಕಲ್ಲಿದ್ದಲ ಬೂದಿಯ ಸೂಕ್ಷ್ಮಕಣಗಳು ಸ್ಪಷ್ಟವಾಗಿ ಉಳಿದಿವೆ. ಮನುಷ್ಯನೇ ಭೂಮಿಯ ಗತಿಯನ್ನು ಬದಲಿಸಿದ ಹೊಸ ಯುಗವೊಂದು ಆರಂಭವಾಯಿತೆಂದು ಸಾರುವುದಾದರೆ ಅದರ ಗಡಿಗಲ್ಲು ಈ ಸರೋವರದ ಹೂಳಿನಲ್ಲಿರಲಿ ಎಂದು, ಬ್ರಾಕ್ ವಿಶ್ವವಿದ್ಯಾನಿಲಯದ ಫ್ರಾನ್ಸೀನ್ ಮೆಕಾರ್ಥಿಯವರ ನೇತೃತ್ವದ ಸಂಶೋಧನೆಯನ್ನು ಆಧರಿಸಿ, 2023ರಲ್ಲಿ ತಜ್ಞರ ಕಾರ್ಯಗುಂಪು ಸೂಚಿಸಿತು. 2024ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಉಪಸಮಿತಿ ಆ ಸೂಚನೆಯನ್ನು ಮತದಿಂದ ತಳ್ಳಿಹಾಕಿತು. ಬೋಧಕನ ದೃಷ್ಟಿಯಲ್ಲಿ ಈ ತಿರಸ್ಕಾರವೂ ಅಮೂಲ್ಯವಾದ ಪಾಠವೇ ಸರಿ. ಪದರಗಳಲ್ಲಿರುವ ಸಾಕ್ಷ್ಯವನ್ನು ಯಾರೂ ಅಲ್ಲಗಳೆಯಲಿಲ್ಲ. ಆ ಸಾಕ್ಷ್ಯಕ್ಕೆ ‘ಯುಗ’ವೆಂಬ ವಿಧ್ಯುಕ್ತ ಪದವಿಯನ್ನು ಕೊಡಬೇಕೆ ಎಂಬಲ್ಲಿ ಮಾತ್ರ ಭೇದ ಬಂತು. ವಸ್ತುಸ್ಥಿತಿ ಬೇರೆ, ಅದನ್ನು ನಾವು ವಿಂಗಡಿಸುವ ಕ್ರಮ ಬೇರೆ ಎಂಬ ಈ ಸೂಕ್ಷ್ಮವು ಪದವಿಯ ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಗೆ ತಿಳಿದರೆ ಅವನ ಮುಂದಿನ ವ್ಯಾಸಂಗವೆಲ್ಲ ಬೇರೊಂದು ಪಕ್ವತೆಯನ್ನು ಪಡೆಯುವುದು.

ಅಂತರಶಾಸ್ತ್ರೀಯತೆ ಎಂಬ ಹೆಸರಿನಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ಯಾವುದನ್ನೂ ಸರಿಯಾಗಿ ಕಲಿಸದ ಪಠ್ಯಕ್ರಮಗಳನ್ನು ನಾನು ಮೆಚ್ಚಲಾರೆ. ಕ್ರಾಫರ್ಡ್ ಸರೋವರದಲ್ಲಿ ಪರಾಗತಜ್ಞರು ಪರಾಗವನ್ನೇ ಕಟ್ಟುನಿಟ್ಟಾಗಿ ಓದಿದುದರಿಂದ ಪುರಾತತ್ತ್ವಜ್ಞನಿಗೆ ದಾರಿ ದೊರೆಯಿತು. ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಆರ್ಥರ್ ಫಿಲೆಮನ್ ಕೋಲ್ಮನ್ ಅವರ ನಿದರ್ಶನವೂ ಇದನ್ನೇ ಹೇಳುತ್ತದೆ. 1852ರಲ್ಲಿ ಹುಟ್ಟಿ 1939ರವರೆಗೆ ಬಾಳಿದ ಅವರು ಪರ್ವತಾರೋಹಿ, ಜಲವರ್ಣದ ಚಿತ್ರಕಾರ, ಹಿಮಯುಗಗಳ ಮಹಾವಿದ್ವಾಂಸ. ಟೊರಾಂಟೊವಿನ ಡಾನ್ ಕಣಿವೆಯ ಇಟ್ಟಿಗೆ ಕಾರ್ಖಾನೆಯವರು ಮಣ್ಣಿಗಾಗಿ ಅಗೆದ ಗೋಡೆಯಲ್ಲಿ, ಮೇಲೂ ಕೆಳಗೂ ಹಿಮನದಿಗಳು ತಂದು ಸುರಿದ ಕಲ್ಲುಮಣ್ಣಿನ ನಡುವೆ, ಮರದ ತುಂಡು, ಎಲೆ, ಚಿಪ್ಪುಗಳಿಂದ ಕೂಡಿದ ಪದರವೊಂದನ್ನು ಅವರು ಅಭ್ಯಾಸ ಮಾಡಿದರು. ಎಲೆಯನ್ನು ಗುರುತಿಸುವುದು ಸಸ್ಯಶಾಸ್ತ್ರಜ್ಞನ ಕೆಲಸವೆಂದು ಬಲ್ಲ ಅವರಿಗೆ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪೆನ್‌ಹ್ಯಾಲೊ ನೆರವಾದರು. ಇಂದಿನ ಟೊರಾಂಟೊವಿಗಿಂತ ದಕ್ಷಿಣದಲ್ಲಿ ಬೆಳೆಯುವ ಮರಗಳು ಅವುಗಳಲ್ಲಿದ್ದುದರಿಂದ, ಎರಡು ಹಿಮಾವರಣಗಳ ನಡುವೆ ಈಗಿನದಕ್ಕಿಂತಲೂ ಬೆಚ್ಚನೆಯ ಕಾಲವೊಂದಿತ್ತೆಂದು ಸಿದ್ಧವಾಯಿತು. ನಯಾಗರ ಎಸ್ಕಾರ್ಪ್‌ಮೆಂಟಿನ ಬಂಡೆಗಳಲ್ಲಿ ಕುಬ್ಜವಾಗಿ ಬೆಳೆದ ಸೀಡರ್ ಮರಗಳ ಉಂಗುರಗಳನ್ನೆಣಿಸಿ, ಅವುಗಳಲ್ಲಿ ಕೆಲವು ಸಾವಿರ ವರ್ಷ ದಾಟಿದ ಹಿರಿಯ ಮರಗಳೆಂದು ಗ್ವೆಲ್ಫ್ ವಿಶ್ವವಿದ್ಯಾನಿಲಯದ ಡಗ್ ಲಾರ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದೂ ಇಂತಹುದೇ. ಅದು ಸಸ್ಯಶಾಸ್ತ್ರದ ಕೆಲಸ, ಅದರ ಲಾಭ ಪ್ರಪಾತ ಸವೆಯುವ ವೇಗವನ್ನು ಅರಿಯಬಯಸುವ ಭೂವಿಜ್ಞಾನಿಗೂ ಉಂಟು.

ಕ್ಷೇತ್ರಪಾಠಕ್ಕೆ ಹಣವಿಲ್ಲ, ಸಮಯವಿಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ ಎಂಬ ಆಕ್ಷೇಪಗಳಿವೆ. ಅವು ನಿಜವಾದವೇ. ಬೆಟ್ಟ ಹತ್ತಲಾರದ ವಿದ್ಯಾರ್ಥಿಗಳಿಗೆ ಬೇರೆ ಏರ್ಪಾಡು ಬೇಕು. ವಿಹಾರದ ಪ್ರವಾಸವನ್ನೇ ಕ್ಷೇತ್ರಪಾಠವೆಂದು ಕರೆಯುವ ರೂಢಿಯಂತೂ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಬಂಡೆಯ ಮುಂದೆ ಒಂದು ತಾಸು ಮೌನವಾಗಿ ಕುಳಿತು ಪೆನ್ಸಿಲಿನಿಂದ ಬಿಡಿಸಿದ ಚಿತ್ರ, ಅಳೆದ ಪದರಗಳ ದಪ್ಪ, ಓಲುವ ದಿಕ್ಕು, ಬರೆದಿಟ್ಟ ಸಂಶಯ, ಇವು ದಿನದ ಕೊನೆಗೆ ಪುಸ್ತಕದಲ್ಲಿ ಇರಲೇಬೇಕು. ಆ ಪುಸ್ತಕಕ್ಕೆ ಅಂಕವಿರಲೇಬೇಕು. ಚಿತ್ರ ಬಿಡಿಸುವವನು ಪ್ರತಿ ಗೆರೆಯನ್ನೂ ತಾನೇ ನಿರ್ಧರಿಸಬೇಕಾಗುವುದರಿಂದ ಛಾಯಾಚಿತ್ರವು ಅದರ ಸ್ಥಾನವನ್ನು ತುಂಬಲಾರದು.

ಕನ್ನಡ ನಾಡಿಗೆ ಈ ಪದ್ಧತಿ ಹೊರಗಿನಿಂದ ಬರಬೇಕಾದುದಲ್ಲ. ಧಾರವಾಡದ ಹೆಸರನ್ನು ಲೋಕದ ಶಿಲಾಶಾಸ್ತ್ರಕ್ಕೆ ಸೇರಿಸಿದ ರಾಬರ್ಟ್ ಬ್ರೂಸ್ ಫುಟ್, 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರು. ಬಂಡೆಗಳನ್ನು ಹುಡುಕಿ ಹೊರಟ ಅವರ ಕಣ್ಣಿಗೆ ಶಿಲಾಯುಗದ ಆಯುಧಗಳೂ ಬಳ್ಳಾರಿ ಸೀಮೆಯ ಬೂದಿಗುಡ್ಡಗಳೂ ಬಿದ್ದುವು. ಆ ಬೂದಿಯು ದನದ ಸಗಣಿ ಉರಿದು ಉಂಟಾದುದೆಂದು ಅವರು ತರ್ಕಿಸಿದುದನ್ನು ಇಪ್ಪತ್ತನೆಯ ಶತಮಾನದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಉತ್ಖನನದಿಂದ ಸಮರ್ಥಿಸಿದರು. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು ಕನಕಪುರದ ಕಡೆಯ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ, ಬೂದುಬಣ್ಣದ ನೈಸ್ ಶಿಲೆಯು ಅಲ್ಲಲ್ಲಿ ಕಡುಹಸುರಿನ ಚಾರ್ನೊಕೈಟ್ ಆಗಿ ಮಾರ್ಪಡುತ್ತಿರುವುದನ್ನು ಗುರುತಿಸಿ 1960ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದಾಗ ಜಗತ್ತಿನ ಭೂವಿಜ್ಞಾನಿಗಳು ಆ ಹಳ್ಳಿಯತ್ತ ತಿರುಗಿದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಬಿ. ಪಿ. ರಾಧಾಕೃಷ್ಣ ಅವರು ಶಿಲೆಯಷ್ಟೇ ಕನ್ನಡವನ್ನೂ ಪ್ರೀತಿಸಿ ಬರೆದವರು. ಇಂತಹ ಪರಂಪರೆಯ ವಾರಸುದಾರರಾದ ನಮ್ಮ ಕಾಲೇಜುಗಳ ವಿದ್ಯಾರ್ಥಿ, ಸುಮಾರು 300 ಕೋಟಿ ವರ್ಷ ವಯಸ್ಸಿನ ಲಾಲ್‌ಬಾಗಿನ ಬಂಡೆಯ ಮೇಲೆ ಕಡಲೆಕಾಯಿ ತಿಂದು ಬಂದಿರುತ್ತಾನೆ, ಆದರೆ ಅದರ ಪಟ್ಟೆಗಳನ್ನು ಒಮ್ಮೆಯೂ ಬಿಡಿಸಿರುವುದಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಬಾದಾಮಿಯ ಚಾಲುಕ್ಯರು ಮರಳುಕಲ್ಲಿನಲ್ಲಿ ಕಡೆದುದನ್ನೂ, ಬೇಲೂರಿನ ಹೊಯ್ಸಳ ಶಿಲ್ಪಿ ಬಳಪದ ಕಲ್ಲಿನಲ್ಲಿ ಆಭರಣದ ಎಳೆಯನ್ನೂ ಬಿಡದೆ ಕೆತ್ತಿದುದನ್ನೂ ಇತಿಹಾಸದ ಅಧ್ಯಾಪಕರೂ ಭೂವಿಜ್ಞಾನದ ಅಧ್ಯಾಪಕರೂ ಒಂದೇ ದಿನ ಒಂದೇ ತರಗತಿಗೆ ಆ ಸ್ಥಳದಲ್ಲಿಯೇ ನಿಂತು ಹೇಳಿದರೆ ಎಷ್ಟು ಚೆನ್ನ! ಊರ ಕೆರೆಯ ಹೂಳೆತ್ತುವಾಗ ಅದರ ಪದರಗಳನ್ನು ನೋಡಲು ಸಸ್ಯಶಾಸ್ತ್ರದವರನ್ನೂ ಕರೆದೊಯ್ಯಬಹುದು. ಇದಕ್ಕೆ ದೊಡ್ಡ ಅನುದಾನ ಬೇಡ. ಪ್ರಾಂಶುಪಾಲರಲ್ಲಿಯೂ ವಿಶ್ವವಿದ್ಯಾನಿಲಯಗಳ ಪಠ್ಯಸಮಿತಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೆ: ಪ್ರತಿಯೊಂದು ಕಾಲೇಜೂ ತನ್ನಿಂದ ಒಂದು ತಾಸಿನ ಹಾದಿಯೊಳಗಿರುವ ಒಂದು ಬಂಡೆ, ಗಣಿ, ಕೆರೆ ಅಥವಾ ದೇಗುಲವನ್ನು ತನ್ನ ಪಾಠಸ್ಥಳವೆಂದು ಆರಿಸಿಕೊಳ್ಳಲಿ, ಬರುವ ವರ್ಷದ ವೇಳಾಪಟ್ಟಿ ಅಚ್ಚಾಗುವ ಮುನ್ನ ಎರಡು ವಿಭಾಗಗಳ ಅಧ್ಯಾಪಕರು ಕೂಡಿ ಅಲ್ಲಿಗೆ ಹೋಗುವ ದಿನಗಳನ್ನು ಗೊತ್ತುಮಾಡಲಿ, ಕ್ಷೇತ್ರಪುಸ್ತಕಕ್ಕೆ ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಅರ್ಧದಷ್ಟನ್ನಾದರೂ ಮೀಸಲಿಡಲಿ.